‘ಕ್ರೈಸ್ತ ಸ್ತ್ರೀಯ ನಿಜವಾದ ಆಭರಣ’: ಲೇಖಕಿಗೆ ಸಂಪಾದಕರ ಉತ್ತರ

ಪ್ರಿಯ ಸಹೋದರಿಯವರಿಗೆ,

ಕ್ರಿಸ್ತನಲ್ಲಿ ವಂದನೆಗಳು. ‘ಕ್ರೈಸ್ತ ಸ್ತ್ರೀಯ ನಿಜವಾದ ಆಭರಣ’ ಎಂಬ ನಿಮ್ಮ ಲೇಖನವನ್ನು ನಿಧಾನವಾಗಿ ಓದಿದ್ದೇನೆ. ಮೈಮೇಲಿನ ಅಲಂಕಾರಕ್ಕಿಂತ ದೇವರು ಮೆಚ್ಚುವ ಅಂತರಂಗವೇ ದೊಡ್ಡದು ಎಂಬ ನಿಮ್ಮ ಮಾತನ್ನು ನಾನೂ ಮನಃಪೂರ್ವಕವಾಗಿ ನಂಬುತ್ತೇನೆ. ಹಾಗೆ ನಂಬುವುದರಿಂದಲೇ, ಲೇಖನವನ್ನು ಈಗಿರುವ ರೂಪದಲ್ಲಿ ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲು ಸಾಧ್ಯವಿಲ್ಲ ಎಂದು ನೇರವಾಗಿಯೇ ತಿಳಿಸುತ್ತಿದ್ದೇನೆ.

ಒಳಗಿನ ಸೌಂದರ್ಯದ ಬಗ್ಗೆ ಬರೆಯಲು ಹೊರಟ ನೀವು ಕೊನೆಯ ಪುಟದವರೆಗೂ ಹೊರಗಿನದನ್ನೇ ನೋಡುತ್ತಿದ್ದೀರಿ. ಜೀನ್ಸ್, ತೋಳಿಲ್ಲದ ರವಿಕೆ, ತುಟಿಯ ಬಣ್ಣ, ಬ್ಯೂಟಿ ಪಾರ್ಲರ್ ಇವೆಲ್ಲವೂ ವಿವರವಾಗಿ ಬಂದಿವೆ. ಕರುಣೆ, ತಾಳ್ಮೆ, ಪ್ರಾರ್ಥನೆಗಳು ಮಾತ್ರ ಒಂದೇ ಸಾಲಿನಲ್ಲಿ ಬಂದು ಮುಗಿದಿವೆ. ಲೂಕನು ಇಂಥದ್ದನ್ನು ಹೇಗೆ ಬರೆದನೆಂದು ಗಮನಿಸಿರಿ. ಬೈಬಲಿನಲ್ಲಿ ಅವನು ಬರೆದ ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿ ಯೊಪ್ಪ ಊರಿನ ತಬಿಥಾ, ಅಂದರೆ ದೊರ್ಕ, ತೀರಿಕೊಂಡಾಗ ಶಿಷ್ಯರು ಪೇತ್ರನನ್ನು ಕರೆಸುತ್ತಾರೆ. ಮೇಲಂತಸ್ತಿನ ಕೋಣೆಯಲ್ಲಿ ವಿಧವೆಯರು ಅಳುತ್ತಾ ಅವನ ಸುತ್ತ ನಿಂತು, ಆಕೆ ಬದುಕಿದ್ದಾಗ ಹೊಲಿದ ಅಂಗಿಗಳನ್ನೂ ಹೊದಿಕೆಗಳನ್ನೂ ತೋರಿಸುತ್ತಾರೆ. ಆಕೆ ನೋಡಲು ಹೇಗಿದ್ದಳು, ಸ್ವತಃ ಏನು ಉಡುತ್ತಿದ್ದಳು ಎಂಬುದರ ಬಗ್ಗೆ ಲೂಕನು ಒಂದು ಮಾತನ್ನೂ ಆಡುವುದಿಲ್ಲ. ಆದರೂ ಅವಳ ಮನಸ್ಸು ನಮಗೆ ಕಾಣುತ್ತದೆ. ‘ಜಡೆ ಹೆಣೆಯುವುದೂ ಚಿನ್ನ ಇಡುವುದೂ ನಿಮ್ಮ ಅಲಂಕಾರವಾಗಬಾರದು’ ಎಂಬ ಅರ್ಥದ, ನೀವು ಆಧಾರವಾಗಿ ಎತ್ತಿಕೊಂಡ ಮಾತು ಬರುವುದು ಇದೇ ಪೇತ್ರನ ಮೊದಲನೆಯ ಪತ್ರದಲ್ಲಿ. ಆ ಕೋಣೆಯಲ್ಲಿ ನಿಂತು ಆ ಬಟ್ಟೆಗಳನ್ನು ಕಂಡವನ ಮಾತು ಅದು ಎಂದು ನೆನೆದಾಗಲೆಲ್ಲ ನನಗೆ ಆ ವಚನದ ತೂಕವೇ ಬೇರೆಯಾಗಿ ಕಾಣುತ್ತದೆ.

ವಚನಗಳನ್ನು ನೀವು ಅವುಗಳ ನೆಲೆಯಿಂದ ಕಿತ್ತು ತಂದಿದ್ದೀರಿ. ಸ್ತ್ರೀಯರು ಮರ್ಯಾದೆಯಾಗಿ ಉಡಬೇಕೆನ್ನುವ, ಪೌಲನ ಪತ್ರದ ವಚನವಾದ 1 ತಿಮೊಥೆಯ 2:9ನ್ನು ಪೂರ್ತಿಯಾಗಿ ಕೊಟ್ಟಿದ್ದೀರಿ. ಅದರ ಹಿಂದಿನ ವಚನ ಗಂಡಸರು ಕೋಪವನ್ನೂ ವಾಗ್ವಾದವನ್ನೂ ಬಿಟ್ಟು ಪ್ರಾರ್ಥಿಸಬೇಕೆಂದು ಹೇಳುವುದನ್ನು ಬಿಟ್ಟಿದ್ದೀರಿ. ಅಲ್ಲಿ ಪೌಲನು ಹೆಸರಿಸುವುದು ಚಿನ್ನ, ಮುತ್ತು, ಬೆಲೆಬಾಳುವ ವಸ್ತ್ರಗಳನ್ನು. ಆ ಕಾಲದ, ಅಂದರೆ ಕ್ರಿ.ಶ. ಒಂದನೆಯ ಶತಮಾನದ ರೋಮ್ ಸಾಮ್ರಾಜ್ಯದಲ್ಲಿ ಅವು ಏನಾಗಿದ್ದವು ಎಂಬುದಕ್ಕೆ ಆಗಿನ ರೋಮನ್ ಲೇಖಕ ಹಿರಿಯ ಪ್ಲಿನಿಯ ಬರಹವೇ ಸಾಕ್ಷಿ: ಚಕ್ರವರ್ತಿ ಕಲಿಗುಲನ ಪತ್ನಿಯಾಗಿದ್ದ ಲೊಲ್ಲಿಯಾ ಪೌಲಿನಾ ಸಾಧಾರಣವಾದ ಒಂದು ನಿಶ್ಚಿತಾರ್ಥದ ಔತಣಕ್ಕೆ ತಲೆ, ಕಿವಿ, ಕೊರಳು, ಬೆರಳುಗಳ ತುಂಬ ಪಚ್ಚೆಗಳನ್ನೂ ಮುತ್ತುಗಳನ್ನೂ ಹೇರಿಕೊಂಡು ಬಂದಿದ್ದಳೆಂದೂ, ಅವುಗಳ ಬೆಲೆ 4 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಎಂದೂ ಅವನು ಬರೆದಿಟ್ಟಿದ್ದಾನೆ. ಗುಲಾಮರೂ ಬಡ ವಿಧವೆಯರೂ ಒಟ್ಟಿಗೆ ಕೂರುತ್ತಿದ್ದ ಸಭೆಯಲ್ಲಿ ಸಿರಿವಂತಿಕೆಯ ಇಂಥ ಪ್ರದರ್ಶನ ಎಷ್ಟು ನೋಯಿಸುತ್ತಿತ್ತೆಂದು ಯೋಚಿಸಿರಿ. ಹೀಗಿರುವಾಗ, ನಮ್ಮ ಮದುವೆಗಳಲ್ಲಿ ವಧುವಿನ ಮೈಮೇಲಿನ ಚಿನ್ನವನ್ನು ನೆಂಟರು ಕಣ್ಣಿನಲ್ಲೇ ತೂಗಿ ನೋಡುವ ಬಗ್ಗೆ ನೀವು ಒಂದು ಸಾಲನ್ನೂ ಬರೆಯದೆ, ಕಾಲೇಜಿಗೆ ಹೋಗುವ ಹುಡುಗಿಯ ಉಡುಪಿಗೆ ಒಂದು ಪುಟ ಮೀಸಲಿಟ್ಟಿರುವುದು ನ್ಯಾಯವೆನಿಸುವುದಿಲ್ಲ. ಸೌಂದರ್ಯವನ್ನು ನೆಚ್ಚಬಾರದೆಂದು ಹೇಳುವ ಜ್ಞಾನೋಕ್ತಿಯ 31ನೆಯ ಅಧ್ಯಾಯದಲ್ಲಿಯೇ ಆ ಗುಣವತಿಯು ನಾರುಮಡಿಯನ್ನೂ ಧೂಮ್ರವರ್ಣದ ವಸ್ತ್ರವನ್ನೂ ಉಟ್ಟಿದ್ದಾಳೆ ಎಂಬುದೂ ನಿಮ್ಮ ಗಮನದಲ್ಲಿರಲಿ.

‘ಹಿಂದಿನ ಕಾಲದ ಕ್ರೈಸ್ತ ಸ್ತ್ರೀಯರು ಮರ್ಯಾದೆಯಾಗಿ ಉಡುತ್ತಿದ್ದರು’ ಎಂದು ಬರೆದಿದ್ದೀರಿ. ಯಾವ ಕಾಲ, ಎಲ್ಲಿಯ ಸ್ತ್ರೀಯರು? ಇಂದಿನ ದಕ್ಷಿಣ ಕೇರಳದ ಸುತ್ತಲಿದ್ದ ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಮೊದಲಾದ ಸಮುದಾಯಗಳ ಹೆಂಗಸರು ಮೇಲ್ಜಾತಿಯವರ ಎದುರು ಎದೆ ಮುಚ್ಚಿಕೊಳ್ಳಬಾರದೆಂಬ ಕಟ್ಟಳೆ ಇತ್ತು. ಕ್ರೈಸ್ತರಾದ ನಾಡಾರ್ ಸ್ತ್ರೀಯರು ಕುಪ್ಪಾಯವೆಂಬ ರವಿಕೆ ತೊಟ್ಟು ಸಂತೆಗೆ, ಆರಾಧನೆಗೆ ಹೊರಟಾಗ ಅವರ ಬಟ್ಟೆಗಳನ್ನು ಬೀದಿಯಲ್ಲಿ ಹರಿದರು. ಪ್ರಾರ್ಥನಾಲಯಗಳಿಗೆ ಬೆಂಕಿ ಹಚ್ಚಿದರು. ದಶಕಗಳ ಹೋರಾಟದ ನಂತರ 1859ರಲ್ಲಿ ಅರಸರ ಘೋಷಣೆ ನಾಡಾರ್ ಸ್ತ್ರೀಯರೆಲ್ಲರಿಗೂ ಮೈ ಮುಚ್ಚಿಕೊಳ್ಳುವ ಅನುಮತಿ ಕೊಟ್ಟಿತು. ಆಗಲೂ ಮೇಲ್ಜಾತಿಯವರ ರೀತಿಯಲ್ಲಿ ಹೊದೆಯಬಾರದೆಂಬ ನಿರ್ಬಂಧ ಉಳಿಯಿತು. ಆ ಸ್ತ್ರೀಯರ ಪಾಲಿಗೆ ಮಾನವೆಂಬುದು ತಾವೇ ಹಕ್ಕಿನಿಂದ ಕೇಳಿ, ಪೆಟ್ಟು ತಿಂದು ಪಡೆದದ್ದು, ಇನ್ನೊಬ್ಬರು ಹೇರಿದ್ದಲ್ಲ. ‘ಹಿಂದಿನ ಕಾಲ’ ಎಂಬ ಮಸುಕಾದ ಮಾತಿನ ಜಾಗದಲ್ಲಿ ಈ ಇತಿಹಾಸವನ್ನು ಇಟ್ಟರೆ, ನಿಮ್ಮ ಲೇಖನವನ್ನು ಓದುವ ಹುಡುಗಿಗೆ ಶೀಲವು ಶಿಕ್ಷೆಯಂತೆ ಕಾಣದೆ ಗೌರವವಾಗಿ ಕಂಡೀತು.

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ನಿಮ್ಮ ಕನ್ನಡ ಶುದ್ಧವಾಗಿದೆ. ವಚನಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಉಳಿಸಿಕೊಂಡವುಗಳನ್ನು ವಿವರಿಸಿರಿ.

ಇನ್ನು ನಾಲ್ಕನೆಯ ಪುಟದ ಉದಾಹರಣೆ. ಗಂಡನು ಕುಡಿದು ಬಂದು ಹೊಡೆದರೂ ಬಾಯಿ ತೆರೆಯದೆ ಸಹಿಸಿಕೊಂಡಿರುವ ನಿಮ್ಮ ಸಭೆಯ ಒಬ್ಬ ತಾಯಿಯನ್ನು ‘ಸಾತ್ವಿಕವಾದ ಶಾಂತಮನಸ್ಸಿಗೆ’ ಮಾದರಿಯೆಂದು ಹೊಗಳಿದ್ದೀರಿ. ಇದನ್ನು ನಾನು ಯಾವ ರೂಪದಲ್ಲಿಯೂ ಅಚ್ಚು ಹಾಕಿಸುವುದಿಲ್ಲ. ನೀವು ಆಧಾರವಾಗಿ ಎತ್ತಿಕೊಂಡ ಪೇತ್ರನ ಅದೇ ಪತ್ರದ 3:7ರಲ್ಲಿ ಅವನು ಗಂಡಂದಿರಿಗೆ ಹೆಂಡತಿಯರನ್ನು ಗೌರವಿಸಬೇಕೆಂದು ಹೇಳಿ, ಇಲ್ಲವಾದರೆ ಅವರ ಪ್ರಾರ್ಥನೆಗೇ ಅಡ್ಡಿಯಾಗುವುದೆಂದು ಎಚ್ಚರಿಸುತ್ತಾನೆ. ಹೊಡೆತವನ್ನು ಮುಚ್ಚಿಡುವ ಮೌನವನ್ನು ನಾವು ಭೂಷಣವೆಂದು ಕರೆದರೆ, ಅದನ್ನು ಓದುವ ಇನ್ನೊಬ್ಬ ಹೆಂಗಸು ಈ ರಾತ್ರಿಯೂ ಸಹಾಯ ಕೇಳದೆ ಉಳಿದುಬಿಡಬಹುದು. ಆ ತಾಯಿಯ ಬಗ್ಗೆ ನೀವು ಬರೆದಿರುವುದು ಆಕೆ ಪಡುವ ಪೆಟ್ಟನ್ನು ಮಾತ್ರ. ಆಕೆ ಯಾರು, ಏನನ್ನು ಪ್ರೀತಿಸುತ್ತಾರೆ, ಯಾರಿಗೆ ಆಸರೆಯಾಗಿದ್ದಾರೆ ಎಂಬುದು ಎಲ್ಲಿಯೂ ಬಂದಿಲ್ಲ.

ಲೇಖನವನ್ನು ತಿದ್ದಿ ಕಳುಹಿಸಲು ಅವಸರವಿಲ್ಲ, ಮುಂದಿನ ಯಾವ ಸಂಚಿಕೆಗಾದರೂ ಆದೀತು. ಅದಕ್ಕೆ ಮೊದಲು ಈ ವಾರವೇ ಆ ತಾಯಿಯನ್ನು, ಗಂಡನಿಲ್ಲದ ಹೊತ್ತಿನಲ್ಲಿ, ಒಬ್ಬರೇ ಇರುವಾಗ ಕಾಣಿರಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಅವರಿಗೆ ರಕ್ಷಣೆಯುಂಟೆಂದೂ, 181 ಮಹಿಳಾ ಸಹಾಯವಾಣಿಗೆ ಕರೆ ಮಾಡಬಹುದೆಂದೂ ತಿಳಿಸಿರಿ. ಅವರು ಒಪ್ಪಿದರೆ ಮಾತ್ರ ಸಭಾಪಾಲಕರ ಬಳಿಗೆ ಜೊತೆಯಲ್ಲಿ ಹೋಗಿರಿ.

ಕ್ರಿಸ್ತನ ಸೇವೆಯಲ್ಲಿ,
ಸಂಪಾದಕ