ಕೂಸು ಹುಟ್ಟುವ ಮುನ್ನ ಕುಲಾವಿ

ಓದುಗರ ಪತ್ರ: "2026ರ ಫಾರ್ಮುಲಾ ಒನ್ ಋತುವಿನ ಮೊದಲ ರೇಸ್ ಇನ್ನೂ ನಡೆದಿಲ್ಲ. ಆಗಲೇ ನಿಮ್ಮ ಪತ್ರಿಕೆ 2027ರಲ್ಲಿ ಯಾವ ಕಾರಿನಲ್ಲಿ ಯಾರು ಕೂರುತ್ತಾರೆಂದು ಎರಡು ಪುಟ ತುಂಬಿಸಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ ಅಲ್ಲವೇ? ಕಳೆದ ವರ್ಷ ರೆಡ್ ಬುಲ್ ತಂಡದ ಚಾಲಕ ವರ್ಸ್ಟಾಪನ್ ಮರ್ಸಿಡಿಸ್ ತಂಡಕ್ಕೆ ಹೋಗಬಹುದೆಂದು ತಿಂಗಳುಗಟ್ಟಲೆ ಬರೆದಿರಿ, ಅವರು ಹೋಗಲಿಲ್ಲ. ಒಪ್ಪಂದವಾದ ಮೇಲೆ ತಂಡವೇ ಪ್ರಕಟಿಸುತ್ತದೆ. ಆಗ ಅಚ್ಚು ಹಾಕಿದರೆ ಸಾಲದೇ?"
– ಓದುಗರೊಬ್ಬರು, ಶಿವಮೊಗ್ಗ
(ಪತ್ರದ ಕೆಳಗೆ ಒಂದು ವಿಶೇಷ ಸೂಚನೆಯೂ ಇದೆ. ಅದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. – ಸಂ.)

ಮಾನ್ಯರೇ,

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. 2028ರವರೆಗೆ ರೆಡ್ ಬುಲ್ ಜೊತೆ ಒಪ್ಪಂದವಿದ್ದ ವರ್ಸ್ಟಾಪನ್ ಅವರನ್ನು ನಾವು ಸಂಚಿಕೆಯ ಮೇಲೆ ಸಂಚಿಕೆಯಲ್ಲಿ ಮರ್ಸಿಡಿಸ್ ಕಾರಿಗೆ ಹತ್ತಿಸಿದ್ದು ನಿಜ. ಜುಲೈ ಕೊನೆಯಲ್ಲಿ ಹಂಗೆರಿಗೆ ಬಂದ ಅವರು, ತಾವು ಇದ್ದಲ್ಲೇ ಇರುವುದಾಗಿ ಹೇಳಿ ನಮ್ಮನ್ನು ಆ ಕಾರಿನಿಂದ ಇಳಿಸಿದರು. ಆದರೆ ಮರ್ಸಿಡಿಸ್ ಅವರೊಂದಿಗೆ ಮಾತುಕತೆ ನಡೆಸುತ್ತಿದೆ ಎಂದು ಆಸ್ಟ್ರಿಯಾದಲ್ಲಿ ಬಾಯಿಬಿಟ್ಟವರು ನಾವಲ್ಲ, ಅದೇ ತಂಡದ ಚಾಲಕ ಜಾರ್ಜ್ ರಸೆಲ್. ಆ ವರ್ಷ ಕೆನಡಾದಲ್ಲೂ ಸಿಂಗಪುರದಲ್ಲೂ ಗೆದ್ದ ರಸೆಲ್ ತಮ್ಮ ಸೀಟು ಖಚಿತವಾಗಲು ಅಕ್ಟೋಬರ್ ಮಧ್ಯದವರೆಗೆ ಕಾಯಬೇಕಾಯಿತು. ಊಹೆ ಫಲಿಸಲಿಲ್ಲ, ಒಪ್ಪೋಣ. ಅದು ಬುಡವಿಲ್ಲದ್ದು ಎಂದು ಮಾತ್ರ ದಯವಿಟ್ಟು ಹೇಳಬೇಡಿ.

ಇನ್ನು ಕುಲಾವಿಯ ವಿಷಯ. ಈ ಆಟದಲ್ಲಿ ಕುಲಾವಿ ಎಂದರೇನೆಂದು ನಿಮಗೆ ಗೊತ್ತೇ? ಸೀಟು. ಚಾಲಕನನ್ನು ಬರಿದಾದ ಕಾಕ್‌ಪಿಟ್‌ನಲ್ಲಿ ಒಂದು ಚೀಲದ ಮೇಲೆ ಕೂರಿಸುತ್ತಾರೆ. ಚೀಲದೊಳಗಿನ ಪದಾರ್ಥ ಅವನ ಬೆನ್ನು, ಸೊಂಟ, ಭುಜಗಳ ಉಬ್ಬುತಗ್ಗಿಗೆ ಒಗ್ಗಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ, ಆ ಅಚ್ಚಿನ ಮೇಲಿಂದ ಕಾರ್ಬನ್ ಫೈಬರ್ ಸೀಟು ತಯಾರಾಗುತ್ತದೆ. ಒಬ್ಬನ ಬೆನ್ನಿಗೆ ಹೊಲಿದದ್ದು ಇನ್ನೊಬ್ಬನಿಗೆ ಬಾರದು. 2015ರ ಮೆಲ್ಬೋರ್ನ್‌ನಲ್ಲಿ ಸೌಬರ್ ತಂಡ ನ್ಯಾಯಾಲಯದಲ್ಲಿ ವಾದಿಸಿದ್ದೂ ಇದನ್ನೇ. ಎರಡು ಕಾರು, ಮೂವರು ಚಾಲಕರು. ಕೈಯಲ್ಲಿ ಒಪ್ಪಂದ ಹಿಡಿದು ವಿಕ್ಟೋರಿಯಾದ ಸುಪ್ರೀಂ ಕೋರ್ಟಿಗೆ ಹೋದ ಹೀಡೊ ವಾನ್ ಡರ್ ಗಾರ್ಡ ಗೆದ್ದೂ ಬಂದರು. ಕಾರುಗಳು ಎರಿಕ್ಸನ್ ಮತ್ತು ನಾಸ್ರ್ ಅವರ ಮೈಗೆ ಹೊಂದಿಸಿದಂಥವು, ಇವರನ್ನು ಕೂರಿಸಿದರೆ ಜೀವಕ್ಕೇ ಅಪಾಯ ಎಂಬ ವಾದ ನಿಲ್ಲಲಿಲ್ಲ. ಗೆದ್ದವರು ಎರಿಕ್ಸನ್ ಅವರ ಅಂಗಿಯನ್ನೇ ತೊಟ್ಟು ಗ್ಯಾರೇಜಿನಲ್ಲಿ ಓಡಾಡಿದರು. ರೇಸ್ ಮಾತ್ರ ಓಡಲಿಲ್ಲ, ಪರಿಹಾರ ಪಡೆದು ಮನೆಗೆ ಹೋದರು. ತಂಡ ಪ್ರಕಟಿಸಿದ ಮೇಲೆ ಅಚ್ಚು ಹಾಕಿ ಎನ್ನುತ್ತೀರಲ್ಲ, ಆ ತಂಡ ಎರಿಕ್ಸನ್ ಮತ್ತು ನಾಸ್ರ್ ಹೆಸರನ್ನು ಪ್ರಕಟಿಸಿ ತಿಂಗಳುಗಳೇ ಆಗಿದ್ದವು.

ಪ್ರಕಟಣೆಯ ಮೇಲೆ ನಿಮಗಿರುವ ಭಕ್ತಿ ಕಂಡು ನನಗೆ ಮರುಕವೂ ಆಗುತ್ತದೆ. 2024ರ ಜೂನ್ ಮೊದಲ ವಾರದಲ್ಲಿ ರೆಡ್ ಬುಲ್ ತಂಡ ಸೆರ್ಗಿಯೊ ಪೆರೆಸ್ ಅವರನ್ನು ಇನ್ನೆರಡು ವರ್ಷ ಉಳಿಸಿಕೊಂಡದ್ದಾಗಿ ಸಂಭ್ರಮದಿಂದ ಸಾರಿತು. ಡಿಸೆಂಬರ್ 18ಕ್ಕೆ ಅವರು ತಂಡದಲ್ಲಿರಲಿಲ್ಲ. ಅವರ ಜಾಗಕ್ಕೆ ಬಂದ ಲಿಯಮ್ ಲಾಸನ್ ಎರಡೇ ರೇಸ್ ಓಡಿಸಿದರು, ಮೂರನೆಯದಕ್ಕೆ ಯೂಕಿ ಸುನೋಡಾ ಬಂದರು. ವರ್ಷ ಮುಗಿಯುವಷ್ಟರಲ್ಲಿ ಸುನೋಡಾ ಅವರೂ ಮೀಸಲು ಚಾಲಕರಾಗಿ, ಆ ಸೀಟು ಇಸಾಕ್ ಹಜಾರ್ ಪಾಲಾಯಿತು. 2019ರಲ್ಲಿ ಪಿಯರ್ ಗ್ಯಾಸ್ಲಿ ಅವರನ್ನು ಹನ್ನೆರಡು ರೇಸ್‌ಗಳಿಗೇ ಕೆಳಗಿನ ತಂಡಕ್ಕೆ ದಬ್ಬಿದ್ದೂ ಇದೇ ಸೀಟಿನಿಂದ. ವರ್ಸ್ಟಾಪನ್ ಪಕ್ಕದ ಆ ಸೀಟಿಗೆ ಬಂದವರು ಹರಕೆಯ ಕುರಿಗಳು ಎಂಬ ಮಾತು ಯಾವ ಪತ್ರಿಕಾ ಪ್ರಕಟಣೆಯಲ್ಲೂ ಇರುವುದಿಲ್ಲ, ನೀವು ಹರಟೆ ಎಂದು ಬೈಯುವ ಪುಟಗಳಲ್ಲಿ ಅದು ವರ್ಷಗಳಿಂದ ಇದೆ. 2022ರ ಆಗಸ್ಟಿನಲ್ಲಂತೂ ಆಲ್ಪೀನ್ ತಂಡ ಆಸ್ಕರ್ ಪಿಯಾಸ್ಟ್ರಿ ಹೆಸರನ್ನು ಅಧಿಕೃತವಾಗಿ ಘೋಷಿಸಿದ ಕೆಲವೇ ಗಂಟೆಗಳಲ್ಲಿ, ಆ ಹುಡುಗನೇ ತಾನು ಅವರಿಗೆ ಓಡಿಸುವುದಿಲ್ಲವೆಂದು ಲೋಕಕ್ಕೆ ಹೇಳಿದ. ಒಪ್ಪಂದ ಮಾನ್ಯತಾ ಮಂಡಳಿ ಎಂಬ ಪಂಚಾಯಿತಿಕಟ್ಟೆ ಸೆಪ್ಟೆಂಬರ್ 2ರಂದು ಅವನು ಸೇರಹೊರಟಿದ್ದ ಮೆಕ್‌ಲಾರೆನ್ ಪರ ತೀರ್ಪು ಕೊಟ್ಟಿತು. ಆ ಬೇಸಿಗೆಯಲ್ಲಿ ತಂಡದ ಮಾತನ್ನೇ ನಂಬಿ ಕೂತವರು ಮೋಸಹೋದರು, ಗಾಳಿಸುದ್ದಿಗೆ ಕಿವಿಗೊಟ್ಟವರಿಗೆ ವಿಷಯ ತಿಳಿಯಿತು.

ನಾನೇನು ತ್ರಿಕಾಲಜ್ಞಾನಿಯಲ್ಲ. 2012ರ ಸೆಪ್ಟೆಂಬರಿನಲ್ಲಿ ಹ್ಯಾಮಿಲ್ಟನ್ ಮೆಕ್‌ಲಾರೆನ್ ಬಿಟ್ಟು ಮರ್ಸಿಡಿಸ್ ಸೇರುತ್ತಾರೆಂದು ಗೊತ್ತಾದಾಗ, ಇದು ಹಣದಾಸೆಯ ಆತ್ಮಹತ್ಯೆ ಎಂದು ಬರೆದವನು ಈ ನಿಮ್ಮ ಸಂಪಾದಕನೇ. ಫಾರ್ಮುಲಾ ಒನ್‌ಗೆ ಮರಳಿ ಬಂದ ಮೇಲೆ ಅಷ್ಟರವರೆಗೆ ಒಂದೇ ಒಂದು ರೇಸ್ ಗೆದ್ದಿದ್ದ ತಂಡವದು. ಆಮೇಲೆ ಅಲ್ಲಿ ಹ್ಯಾಮಿಲ್ಟನ್‌ಗೆ ಆರು ವಿಶ್ವಪಟ್ಟಗಳು ಬಂದವು. 2014ರಲ್ಲಿ ಎಂಜಿನ್ ನಿಯಮ ಬದಲಾಗಲಿದೆ, ಕಾರ್ಖಾನೆಯ ಬೆಂಬಲವಿರುವ ತಂಡಕ್ಕೆ ಅದರಿಂದ ಲಾಭ ಎಂಬ ಸರಳ ಲೆಕ್ಕವನ್ನು ನಾನು ಹಾಕಿರಲಿಲ್ಲ. ಆ ಪೆಟ್ಟು ತಿಂದ ಮೇಲೆಯೇ ನಾನು ಸೀಟುಗಳ ಊಹೆಯನ್ನು ಪಾಠದ ಹಾಗೆ ಓದತೊಡಗಿದ್ದು. 2020ರ ಡಿಸೆಂಬರಿನಲ್ಲಿ ಕೋವಿಡ್ ತಗುಲಿದ ಹ್ಯಾಮಿಲ್ಟನ್ ಬದಲಿಗೆ ಬಹ್ರೇನ್‌ನಲ್ಲಿ ರಸೆಲ್ ಕೂತಾಗ, ಆ ಎತ್ತರದ ಹುಡುಗ ಕಾಲು ಹಿಡಿಸಲೆಂದು ಒಂದು ಅಳತೆ ಚಿಕ್ಕದಾದ ಶೂ ತೊಡಬೇಕಾಯಿತು. ಅಷ್ಟಾದರೂ ಮೊದಲ ತಿರುವಿಗೇ ಮರ್ಸಿಡಿಸ್‌ನ ಇನ್ನೊಬ್ಬ ಚಾಲಕ ಬೊಟಾಸ್ ಅವರನ್ನು ಹಿಂದಿಕ್ಕಿದ. ಆ ರೇಸ್ ಅವನ ಕೈತಪ್ಪಿತು, ನಿಜ. ಆದರೆ ಬೊಟಾಸ್ ಸೀಟಿನ ಕಾಲುಗಳು ಅಲುಗಾಡತೊಡಗಿದ್ದು ಅಂದೇ. 2022ಕ್ಕೆ ಆ ಜಾಗ ರಸೆಲ್‌ಗೆ ಎಂಬ ಘೋಷಣೆ ಬಂದದ್ದು ಒಂಬತ್ತು ತಿಂಗಳ ನಂತರ.

ಹಾಗಾಗಿ 2027ರ ಪುಟವನ್ನು ಈಗಲೇ ತೆರೆಯದೆ ಇನ್ಯಾವಾಗ ತೆರೆಯುವುದು, ಹೇಳಿ. ಈ ವರ್ಷ ಎಂಜಿನ್ನಿನ ಅರ್ಧದಷ್ಟು ಶಕ್ತಿ ವಿದ್ಯುತ್ತಿನಿಂದ ಬರಲಿದೆ. ಹೋಂಡಾ ಆಸ್ಟನ್ ಮಾರ್ಟಿನ್ ಕಡೆಗೆ ಹೊರಳಿದೆ, ರೆಡ್ ಬುಲ್ ಫೋರ್ಡ್ ಜೊತೆಗೂಡಿ ತನ್ನದೇ ಎಂಜಿನ್ ಕಟ್ಟಿದೆ, ಔಡಿ ಹೊಸದಾಗಿ ಬಂದಿದೆ. ಕ್ಯಾಡಿಲಾಕ್ ಸೇರಿ ತಂಡಗಳು ಹನ್ನೊಂದು, ಸೀಟುಗಳು ಇಪ್ಪತ್ತೆರಡು. ರೆಡ್ ಬುಲ್ ಎಂಜಿನ್ ಸೊರಗಿದರೆ ವರ್ಸ್ಟಾಪನ್ ಅವರ 2028 ಎಂಬ ಅಂಕಿಗೆ ಎಷ್ಟು ಬೆಲೆ? ಜುಲೈ 29ಕ್ಕೆ 45 ತುಂಬುವ ಆಸ್ಟನ್ ಮಾರ್ಟಿನ್ ಚಾಲಕ ಅಲೊನ್ಸೊ ಅವರ ಒಪ್ಪಂದ ಈ ವರ್ಷಾಂತ್ಯಕ್ಕೆ ಮುಗಿಯುತ್ತದೆ. ಏಡ್ರಿಯನ್ ನ್ಯೂಯಿ ವಿನ್ಯಾಸದ ಕಾರು ವೇಗವಾಗಿದ್ದರೆ ಅವರು ಬಿಡಲಾರರು, ನಿಧಾನವಾಗಿದ್ದರೆ ಇರಲಾರರು ಎಂಬುದು ನನ್ನ ಅಂದಾಜು. 2025ರಲ್ಲಿ ಫೆರಾರಿಯಲ್ಲಿ ಒಂದೇ ಒಂದು ಗ್ರ್ಯಾನ್ ಪ್ರಿ ಪೋಡಿಯಂ (ಮೊದಲ ಮೂರು ಸ್ಥಾನ) ಕಾಣದ ಹ್ಯಾಮಿಲ್ಟನ್‌ಗೆ 41 ಆಯಿತು. ಈ ಮೂವರಲ್ಲಿ ಒಬ್ಬರು ಎದ್ದರೂ ಸಾಕು, ಪಂಕ್ತಿಯ ಊಟದಲ್ಲಿ ಒಬ್ಬರು ಎಲೆ ಬದಲಿಸಿದ ಹಾಗೆ ಸಾಲಿಡೀ ಸರಿದುಕೂರಬೇಕಾಗುತ್ತದೆ. 2016ರ ಪಟ್ಟ ಗೆದ್ದ ಐದೇ ದಿನಕ್ಕೆ ಮರ್ಸಿಡಿಸ್‌ನ ರೋಸ್‌ಬರ್ಗ್ ನಿವೃತ್ತರಾದಾಗ ವಿಲಿಯಮ್ಸ್‌ನ ಬೊಟಾಸ್ ಅಲ್ಲಿಗೆ ಹೋದರು, ಆಗಲೇ ವಿದಾಯ ಹೇಳಿ ಕಣ್ಣೀರಿಟ್ಟಿದ್ದ ಮಾಸಾ ವಿಲಿಯಮ್ಸ್‌ಗೆ ಮರಳಿ ಬಂದರು.

ಒಂದು ಮಾತು ಬಿರುಸಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ನಮ್ಮಲ್ಲಿ ಸಂಪುಟ ವಿಸ್ತರಣೆ ಎಂದರೆ ಯಾರಿಗೆ ಯಾವ ಖಾತೆ ಎಂದು ಮೂರು ತಿಂಗಳು ಮೊದಲೇ ಜಾತಿ, ಜಿಲ್ಲೆ, ಬಣ ಹಿಡಿದು ಲೆಕ್ಕ ಹಾಕುತ್ತೇವೆ, ಅದನ್ನು ಯಾರೂ ಹರಟೆ ಎನ್ನುವುದಿಲ್ಲ. ಆಟದ ಪುಟಕ್ಕೆ ಬಂದ ಕೂಡಲೇ ನಮಗೆ ಮಡಿ. ಪ್ರಕಟಣೆಯನ್ನು ಕನ್ನಡಿಸಿ ಅಂಟಿಸಿದರೆ ವರದಿ, ಕಾರಣ ಹುಡುಕಿದರೆ ವದಂತಿ! ಇದರ ನಷ್ಟ ನಮ್ಮದೇ. ಬೆಂಗಳೂರಿನ ಉದ್ಯಮಿಯೊಬ್ಬರ ಫೋರ್ಸ್ ಇಂಡಿಯಾ ತಂಡ 2008ರಿಂದ 2018ರವರೆಗೆ ಓಡಿತು. ಆ ಹೆಸರಿನ ಕಾರಿನಲ್ಲಿ ಒಬ್ಬ ಭಾರತೀಯನೂ ರೇಸ್ ಆರಂಭಿಸಲಿಲ್ಲ. 2011ರಲ್ಲಿ ಅದೇ ತಂಡ ಪ್ರತಿಭಾಶೋಧ ನಡೆಸಿ ಮೂವರು ಹುಡುಗರನ್ನು ಆರಿಸಿದಾಗ ಅವರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಇದ್ದರು. ಫೋಟೋ ಹಾಕಿ ಸಂಭ್ರಮಿಸಿದೆವು. ಮುಂದಿನ ಮೆಟ್ಟಿಲಿಗೆ ದುಡ್ಡು ಯಾರು ಕೊಡುತ್ತಾರೆ, ಯಾವ ತಂಡದ ಅಕಾಡೆಮಿ ಕೈಹಿಡಿಯುತ್ತದೆ, ಮೂರು ವರ್ಷಗಳಲ್ಲಿ ಫಾರ್ಮುಲಾ ಒನ್ ಓಡಿಸಲು ಬೇಕಾದ ಸೂಪರ್ ಲೈಸೆನ್ಸಿನ 40 ಅಂಕ ಎಲ್ಲಿಂದ ಬರುತ್ತವೆ ಎಂದು ನಾವು ಯಾರೂ ಕೇಳಲಿಲ್ಲ. ಕಳೆದ ವರ್ಷ ಅವರ ತಮ್ಮ ಕುಶ್ ಮೈನಿ ಮೊನಾಕೋದಲ್ಲಿ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂನ ಸ್ಪ್ರಿಂಟ್ ಎಂಬ ಕಿರು ರೇಸ್ ಗೆದ್ದಾಗಲೂ ಕೇಳಿದ್ದು ಕಡಿಮೆಯೇ. ಇತ್ತ ತಾಯಿಯ ಕಡೆಯಿಂದ ಭಾರತದ ಬೇರಿರುವ ಲಂಡನ್ನಿನ ಆರ್ವಿಡ್ ಲಿಂಡ್‌ಬ್ಲಾಡ್, ರೆಡ್ ಬುಲ್ ಅಕಾಡೆಮಿಯಲ್ಲಿ ಬೆಳೆದು 18ಕ್ಕೇ ಈ ವರ್ಷದ ಫಾರ್ಮುಲಾ ಒನ್ ಸೀಟು ಹಿಡಿದಿದ್ದಾನೆ. ವ್ಯತ್ಯಾಸ ಎಲ್ಲಿದೆ ಎಂಬುದು ಘೋಷಣೆಯಾದ ದಿನ ತಿಳಿಯುವ ಸಂಗತಿಯಲ್ಲ, ಐದು ವರ್ಷ ಮೊದಲೇ ಊಹಿಸುತ್ತ ಕೂತವರಿಗೆ ತಿಳಿಯುವಂಥದ್ದು.

ಈಗ ನಿಮ್ಮ ವಿಶೇಷ ಸೂಚನೆಗೆ ಬರುತ್ತೇನೆ. ಎರಡು ಹಾಳೆ ನಮ್ಮನ್ನು ಝಾಡಿಸಿದ ಮೇಲೆ, ಸಹಿಯ ಕೆಳಗೆ, ಬೇರೆ ಶಾಯಿಯಲ್ಲಿ ನೀವು ಬರೆದಿದ್ದೀರಿ: "ಅಂದಹಾಗೆ, ಹ್ಯಾಮಿಲ್ಟನ್ ಬಿಟ್ಟರೆ ಆ ಸೀಟು ಬೇರ್ಮನ್‌ಗೇ. ನಿಮ್ಮ ಪುಟದಲ್ಲಿ ಅವನ ಹೆಸರೇ ಇಲ್ಲ." 2024ರಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಹೋದ ಕಾರ್ಲೋಸ್ ಸೈನ್ಸ್ ಬದಲಿಗೆ ಜೆದ್ದಾದಲ್ಲಿ ಫೆರಾರಿ ಓಡಿಸಿ, 18ನೇ ವಯಸ್ಸಿಗೆ ಏಳನೆಯವನಾದ ಹುಡುಗನನ್ನು ಬಿಟ್ಟದ್ದು ನಮ್ಮ ಲೋಪವೇ ಸರಿ. ಮುಂದಿನ ಸಂಚಿಕೆಯಲ್ಲಿ ಸೇರಿಸುತ್ತೇವೆ. ಉಳಿದ ಇಪ್ಪತ್ತೊಂದು ಹೆಸರುಗಳನ್ನು, ಕಾರಣಗಳ ಸಮೇತ, ಮೆಲ್ಬೋರ್ನ್ ರೇಸಿನ ಮೊದಲು ನಮ್ಮ ಕೈಸೇರುವಂತೆ ಕಳಿಸಿಕೊಡಿ.

– ಸಂಪಾದಕ