ಗಡಿ ಶಿಬಿರಕ್ಕೆ ಹೋದ ಮುತ್ಯಾನ ಹೆಸರು ಎಲ್ಲಿ ಸಿಕ್ಕೀತು?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು. ಮುತ್ಯಾ (ಅಜ್ಜ) ಪಟವಾರಿ (ಊರಿನ ಕಂದಾಯ ಲೆಕ್ಕಿಗ) ಆಗಿದ್ದರಂತೆ, ನಿಜಾಮರ ಪರದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಯಲ್ಲಿ ಹೋರಾಟಗಾರರ ಗಡಿ ಶಿಬಿರ ಸೇರಿದ್ದರಂತೆ. ಮನೆಯಲ್ಲಿ ಉಳಿದಿರುವುದು ‘ಫಸಲಿ 1357’ ಎಂದಿರುವ ಒಂದು ಉರ್ದು ಕಾಗದ ಮಾತ್ರ. ಹಳೆಯ ಪತ್ರಿಕೆ, ಜೀವನಚರಿತ್ರೆಗಳಲ್ಲಿ ಅವರ ಹೆಸರು ಸಿಕ್ಕೀತೆ?

ಉತ್ತರ: ಸಿಗಬಹುದು. ಆದರೆ ಪತ್ರಿಕೆಗೆ ಕೈಹಾಕುವ ಮೊದಲು ಆ ಕಾಗದ ಓದಿಸಿ. ಫಸಲಿ ಅಂದರೆ ನಿಜಾಮರ ಆಡಳಿತದ ವರ್ಷ; ಅದು ಅಕ್ಟೋಬರ್ ಮೊದಲ ವಾರದಲ್ಲಿ, ಆಜೂರ್ ತಿಂಗಳಿಂದ ಶುರು. ಇಸವಿ ತಿಳಿಯಲು, ಆಜೂರ್, ದೈ, ಬಹಮನ್ ತಿಂಗಳಾದರೆ ಫಸಲಿ ವರ್ಷಕ್ಕೆ 590 ಕೂಡಿಸಿ (ಬಹಮನ್ ಕೊನೆಯ ದಿನಗಳು ಜನವರಿಗೆ ಬರುತ್ತವೆ, ಅವಕ್ಕೆ 591). ಇಸ್ಫಂದಾರ್‌ನಿಂದ ಆಬಾನ್‌ವರೆಗಿನ ಒಂಬತ್ತು ತಿಂಗಳಿಗೆ 591. ನಿಮ್ಮ 1357 ಅಂದರೆ 1947ರ ಅಕ್ಟೋಬರ್‌ನಿಂದ 1948ರ ಅಕ್ಟೋಬರ್ ಆರಂಭದವರೆಗೆ. ನಿಜಾಮರು ಭಾರತಕ್ಕೆ ಶರಣಾದ 1948ರ ಸೆಪ್ಟೆಂಬರ್ 17 ಅದರೊಳಗೇ ಬಂತು. ತಿಂಗಳು ನೋಡದೆ ಎಲ್ಲಕ್ಕೂ 590 ಕೂಡಿಸಿದವರು ಒಂದು ವರ್ಷ ಹಿಂದಿನ ಸಂಚಿಕೆ ತಿರುವುತ್ತ ಕೂರುತ್ತಾರೆ.

ಓದಿಕೊಡುವವರಿಗೆ ಮುತ್ಯಾನ ಹೆಸರು ಮೊದಲೇ ಹೇಳಬೇಡಿ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಣ, ಳ ಅಕ್ಷರಗಳಿಲ್ಲ. ಬಸಣ್ಣ ‘ಬಸನ್ನಾ’ ಆಗುತ್ತಾನೆ, ಹಳ್ಳಿ ‘ಹಲ್ಲಿ’ ಆಗುತ್ತದೆ. ಹೆಸರು ಗೊತ್ತಿದ್ದರೆ ಕಣ್ಣು ಅದನ್ನೇ ಕಾಣುತ್ತದೆ. ‘ವಲದ್’ ಆದಮೇಲೆ ಬರುವುದು ತಂದೆಯ ಹೆಸರು, ‘ಸಾಕಿನ್’ ಆದಮೇಲಿನದು ಇರುವ ಊರು.

ಇನ್ನು ಪತ್ರಿಕೆ. ಶಿಬಿರಗಳಿದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದ ಗಡಿಯಾಚೆ. ಹಾಗಾಗಿ ಆಗ ಹುಬ್ಬಳ್ಳಿಯಿಂದ ಬರುತ್ತಿದ್ದ ‘ಸಂಯುಕ್ತ ಕರ್ನಾಟಕ’ದಿಂದ ಆರಂಭಿಸಿ. ‘ಪ್ರಜಾವಾಣಿ’ ಶುರುವಾದದ್ದೇ 1948ರ ಅಕ್ಟೋಬರ್ 15ಕ್ಕೆ. ಶಿಬಿರದ ಕಾಲಕ್ಕೆ ಅದು ಒದಗದು. ಉರ್ದು ಪತ್ರಿಕೆಗಳಿಗೆ ಹೈದರಾಬಾದಿನ ಅಫ್ಜಲ್‌ಗಂಜ್‌ನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಬೇಕು. ಘಟನೆಯ ದಿನದ ಸಂಚಿಕೆಯಷ್ಟೇ ನೋಡಿ ಕೈಬಿಡಬೇಡಿ. ಹಳ್ಳಿ ಸುದ್ದಿ ಅಚ್ಚಾಗುವುದು ತಡ, ಮುಂದಿನ ಎರಡು ವಾರ ನೋಡಿ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. ಅದಕ್ಕೆ ಮುಂಚಿನದನ್ನು ಗುಲಬರ್ಗಾ, ಗುಲ್ಬರ್ಗಾ, ಕಲಬುರ್ಗಿ ಎಂದೂ, ಸುರಪುರವನ್ನು ಶೋರಾಪುರ ಎಂದೂ ಹುಡುಕಿ. ಫೋಟೊ ತೆಗೆಯುವಾಗ ಪತ್ರಿಕೆಯ ಹೆಸರು, ತಾರೀಕು ಇರುವ ಮೇಲ್ಭಾಗವೂ ಬರಲಿ. ಬರೀ ಸುದ್ದಿಯ ತುಣುಕು ಆರು ತಿಂಗಳ ನಂತರ ಯಾವ ದಿನದ್ದೆಂದು ನಿಮಗೇ ತಿಳಿಯದು.

ಜೀವನಚರಿತ್ರೆಗಳಲ್ಲಿ ಮುತ್ಯಾನಂಥವರು ಸಿಗುವುದು ದೊಡ್ಡವರ ಪಕ್ಕದಲ್ಲಿ. ಹೈದರಾಬಾದ್ ವಿಮೋಚನಾ ಹೋರಾಟದ ನಾಯಕರಾದ ಸ್ವಾಮಿ ರಮಾನಂದ ತೀರ್ಥ, ಸರದಾರ ಶರಣಗೌಡ ಇನಾಮದಾರರ ಬಗೆಗಿನ ಪುಸ್ತಕಗಳು, ಊರಿನ ಹಿರಿಯರ ಅಭಿನಂದನ ಗ್ರಂಥಗಳು, ಶಾಲೆ-ಮಠಗಳ ಸ್ಮರಣ ಸಂಚಿಕೆಗಳನ್ನು ನೋಡಿ. ಇಂಥವುಗಳಲ್ಲಿ ಹೆಸರುಗಳ ಸೂಚಿ ಅಪರೂಪ. ಶಿಬಿರದ ಅಧ್ಯಾಯ, ಫೋಟೊದ ಕೆಳಗಿನ ಸಾಲು, ಕೊನೆಯ ಪಟ್ಟಿಗಳನ್ನು ಪೂರ್ತಿ ಓದಿ. ನೆನಪಿನಿಂದ ಬರೆದ ತಾರೀಕು ಜಾರಿರುತ್ತದೆ. ಒಂದು ಪುಸ್ತಕ ನೋಡಿ ಬರೆದ ಇನ್ನೊಂದು ಪುಸ್ತಕವನ್ನು ಎರಡನೇ ಸಾಕ್ಷಿ ಎಂದು ಎಣಿಸಬೇಡಿ.

ಶರಣಪ್ಪ, ಮಲ್ಲಪ್ಪ ಎಂಬ ಹೆಸರು ಊರಿಗೆ ಹತ್ತು. ಹೆಸರು, ತಂದೆ, ಊರು ಮೂರೂ ಕೂಡಿದರಷ್ಟೇ ನಿಮ್ಮವರೆನ್ನಿ. ಪಟವಾರಿಕೆಯ ಗುರುತಿಗೆ ತಹಶೀಲ್ದಾರ್ ಕಚೇರಿಯ ದಾಖಲೆ ಕೋಣೆಯಲ್ಲಿ ವತನಿನ (ವಂಶಪಾರಂಪರ್ಯ ಹುದ್ದೆಯ) ಕಾಗದಗಳನ್ನು, 1954-55ರ ಖಾಸ್ರಾ ಪಹಣಿಯನ್ನು (ಜಮೀನಿನ ದಾಖಲೆ) ಕೇಳಿ. ಮುತ್ಯಾ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಅರ್ಜಿ ಹಾಕಿದ್ದರೆ ಆ ಕಡತವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು; ಜೊತೆಗಿದ್ದವರ ಪ್ರಮಾಣಪತ್ರಗಳು ಅದರಲ್ಲಿರುತ್ತವೆ. ಹತ್ತು ರೂಪಾಯಿ ಶುಲ್ಕದೊಂದಿಗೆ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಡಿ. ಗುಲಬರ್ಗಾ ಜಿಲ್ಲೆಯ ಕಾಲದ ಕಡತವಾದ್ದರಿಂದ ಯಾದಗಿರಿಯಲ್ಲಿ ಇಲ್ಲವೆಂದರೆ ಕಲಬುರಗಿಯಲ್ಲೂ ಕೇಳಿ.