ಓದುಗರ ಪ್ರಶ್ನೆ, ನಮ್ಮ ಉತ್ತರ: ಹೇರಿನ ಜೀನು ಮಾಡುವ ಕಾರ್ಖಾನೆ ವಹಿಸಿಕೊಳ್ಳಲಾ?

ಪ್ರಶ್ನೆ: ನಮಸ್ಕಾರ ಸರ್. ಕುದುರೆ, ಹೇಸರಗತ್ತೆ, ಕತ್ತೆಗಳ ಮೇಲೆ ಸಾಮಾನು ಹೇರಲು ಬೇಕಾದ ಜೀನು, ಪಟ್ಟಿ, ಚೀಲ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕಿದ್ದೇನೆ. ಯಜಮಾನರಿಗೆ ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ಮಕ್ಕಳಿಗೆ ಈ ಕೆಲಸ ಬೇಡ. ‘ನೀನೇ ತಗೋ, ಮಿಷಿನ್ನು, ಸರಕು, ಹೆಸರು ಎಲ್ಲಾ ಸೇರಿಸಿ ಕೊಡ್ತೀನಿ’ ಅನ್ನುತ್ತಿದ್ದಾರೆ. ನನಗೆ ಹೊಲಿಗೆ ಚೆನ್ನಾಗಿ ಬರುತ್ತೆ. ಆದರೆ ಅಳತೆ ತೆಗೆಯುವುದು, ಕತ್ತರಿಸುವುದು, ಗಿರಾಕಿಗಳ ಜೊತೆ ಮಾತು, ಎಲ್ಲಾ ಅವರೇ. ನಾನು ಪ್ರಾಣಿ ಸಾಕಿದವನೂ ಅಲ್ಲ. ಗೋಡೆಗೆ ತೂಗುಹಾಕಿದ ರಟ್ಟಿನ ಅಚ್ಚುಗಳ ಮೇಲೆ ಪೆನ್ಸಿಲ್ ಗುರುತುಗಳಿವೆ, ಅವು ಅವರಿಗಷ್ಟೇ ಅರ್ಥ ಆಗುತ್ತವೆ. ವಹಿಸಿಕೊಳ್ಳಬಹುದಾ? ಬೆಲೆ ಹೇಗೆ ನೋಡಬೇಕು?
— ಹೆಸರು ಬೇಡ ಎಂದಿರುವ ಓದುಗ

ಉತ್ತರ: ವಹಿಸಿಕೊಳ್ಳಬಹುದು. ಆದರೆ ಯಜಮಾನರ ಪಕ್ಕದಲ್ಲಿ ಒಂದು ಪೂರ್ತಿ ಸೀಸನ್ ಕೂತು ಕಲಿತ ಮೇಲೆ. ಈ ಮಾತನ್ನು ಬೆಲೆಗಿಂತ ಮೊದಲು ಹೇಳುತ್ತಿದ್ದೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಪೆನ್ಸಿಲ್ ಗುರುತುಗಳು. ಮಿಷಿನ್ನು ಎಲ್ಲಾದರೂ ಸಿಗುತ್ತೆ, ತೊಗಲು, ಬಕಲ್, ದಾರ ಕೂಡ ಸಿಗುತ್ತೆ. ಯಾವ ಬೆನ್ನಿಗೆ ಯಾವ ಅಗಲದ ಜೀನು, ಹಲಗೆಯ ಯಾವ ಮೂಲೆ ಉಜ್ಜಿ ಇಳಿಸಬೇಕು, ಯಾವ ಪಟ್ಟಿಯ ತೂತು ಎಲ್ಲಿಂದ ಶುರುವಾಗಬೇಕು ಅನ್ನೋದು ಮಾತ್ರ ಅವರ ತಲೆಯಲ್ಲಿದೆ, ಅದು ಅಲ್ಲೇ ಉಳಿದರೆ ನೀವು ದುಡ್ಡು ಕೊಟ್ಟು ಕೊಂಡದ್ದು ಬರೀ ಕಬ್ಬಿಣದ ಸಾಮಾನು.

ಅದಕ್ಕೆ ಮೊದಲ ಕೆಲಸ ಇದು. ಅಚ್ಚುಗಳನ್ನು ಒಂದೊಂದಾಗಿ ಕೆಳಗಿಳಿಸಿ, ಯಜಮಾನರನ್ನು ಎದುರಿಗೆ ಕೂರಿಸಿಕೊಂಡು, ‘ಇದು ಯಾವ ಪ್ರಾಣಿಗೆ, ಈ ಗೀಟು ಯಾಕೆ, ಇಲ್ಲಿ ಯಾಕೆ ಅಳಿಸಿ ಮತ್ತೆ ಹಾಕಿದ್ದೀರಿ’ ಎಂದು ಕೇಳಿ. ಹೇಳಿದ್ದನ್ನು ರಟ್ಟಿನ ಹಿಂದುಗಡೆಯೇ ಬರೆಯಿರಿ, ಫೋಟೋನೂ ತೆಗೆದಿಡಿ. ಅಳಿಸಿ ಹಾಕಿದ ಗೀಟುಗಳ ಬಗ್ಗೆ ಜಾಸ್ತಿ ಕೇಳಿ. ಹಳೇ ಅಳತೆಯಲ್ಲಿ ಯಾವುದೋ ಪ್ರಾಣಿಗೆ ಗಾಯ ಆಗಿದ್ದಕ್ಕೆ ಬದಲಾಯಿಸಿರಬಹುದು, ಪಟ್ಟಿ ಹರಿದಿದ್ದಕ್ಕೆ ಇರಬಹುದು. ಆ ಕಾರಣ ಗೊತ್ತಿದ್ದರೆ ಹೊಸ ಪ್ರಾಣಿ ಬಂದಾಗ ನೀವೇ ಲೆಕ್ಕ ಹಾಕಬಲ್ಲಿರಿ.

ಪ್ರಾಣಿ ಸಾಕಿದವನಲ್ಲ ಅಂತೀರಿ. ಸಾಕಲೇಬೇಕು ಅಂತಿಲ್ಲ, ಆದರೆ ಬೆನ್ನು ನೋಡಲು ಕಲಿಯಲೇಬೇಕು. ಹೇರಿನ ಜೀನಿನ ಎರಡು ಹಲಗೆಗಳು ಬೆನ್ನುಮೂಳೆಯ ಎರಡೂ ಬದಿಗೆ ಕೂರುತ್ತವೆ. ಮೂಳೆಯ ಮೇಲೆ ಏನೂ ತಾಗಬಾರದು, ಅಲ್ಲಿ ಉದ್ದಕ್ಕೂ ಖಾಲಿ ಜಾಗ ಇರಬೇಕು. ಮುಂದೆ ಭುಜದ ಎಲುಬು ಕಾಲು ಹಾಕಿದಾಗೆಲ್ಲ ಹಿಂದಕ್ಕೆ ಬರುತ್ತೆ, ಆದ್ದರಿಂದ ಹಲಗೆಯ ತುದಿ ಅದಕ್ಕೆ ತಗುಲಬಾರದು. ಹಿಂದೆ ಭಾರ ಪಕ್ಕೆಲುಬಿನ ಮೇಲೇ ಮುಗಿಯಬೇಕು, ಸೊಂಟದ ಕಡೆ ಹೋಗಬಾರದು. ಪ್ರಾಣಿ ನಿಂತಿದ್ದಾಗ ಸರಿಯಾಗಿ ಕೂತ ಜೀನು ನಡೆಯುವಾಗ ಉಜ್ಜಬಹುದು, ಹಾಗಾಗಿ ನಡೆಸಿ ನೋಡದೆ ಕೊಡಬೇಡಿ. ಇನ್ನೊಂದು ವಿಷಯ. ಸವಾರ ಪ್ರಾಣಿಯ ನಡಿಗೆಗೆ ತಕ್ಕಂತೆ ತಾನೂ ವಾಲಿ ಹೊಂದಿಕೊಳ್ಳುತ್ತಾನೆ, ಹೇರು ಹಾಗೆ ಹೊಂದಿಕೊಳ್ಳಲ್ಲ, ಅದು ಸತ್ತ ಭಾರ. ಸವಾರಿ ಜೀನಿನಲ್ಲಿ ನಡೆದುಹೋಗುವ ಸಣ್ಣ ತಪ್ಪೂ ಹೇರಿನ ಜೀನಿನಲ್ಲಿ ಗಾಯ ಮಾಡುತ್ತೆ.

ಕಲಿಯಲು ಒಂದು ಸುಲಭ ದಾರಿ ಇದೆ. ಕೆಲಸ ಮುಗಿಸಿ ಬಂದ ಪ್ರಾಣಿಯ ಜೀನು, ಅದರ ಕೆಳಗಿನ ತಡಿ (ಮೆತ್ತೆ) ತೆಗೆದ ತಕ್ಷಣ ಬೆನ್ನು ನೋಡಿ. ತಡಿ ಇದ್ದ ಜಾಗವೆಲ್ಲ ಬೆವರಿನಿಂದ ಒದ್ದೆಯಾಗಿದ್ದು ನಡುವೆ ಅಂಗೈಯಷ್ಟು ಜಾಗ ಒಣಗಿದ್ದರೆ ಅಲ್ಲಿ ಒತ್ತಡ ಜಾಸ್ತಿ ಬೀಳುತ್ತಿರಬಹುದು, ಬೆವರು ಗ್ರಂಥಿಯೇ ಅಮುಕಿ ಹೋಗಿರುತ್ತೆ. ಹೀಗೇ ಮುಂದುವರಿದರೆ ಕೂದಲು ಉದುರುತ್ತೆ, ಊತ ಬರುತ್ತೆ, ಆಮೇಲೆ ಹುಣ್ಣು. ಹುಣ್ಣು ಮಾಗಿದ ಮೇಲೆ ಅಲ್ಲಿ ಬಿಳಿ ಕೂದಲು ಬೆಳೆಯುತ್ತೆ. ಕಪ್ಪು, ಕಂದು ಹೇಸರಗತ್ತೆಯ ಬೆನ್ನ ಮೇಲೆ ಬಿಳಿ ಮಚ್ಚೆ ಕಂಡರೆ ಅದು ಹುಟ್ಟಿನಿಂದ ಬಂದ ಬಣ್ಣ ಅಂದುಕೊಂಡು ಸುಮ್ಮನಾಗಬೇಡಿ. ಯಾವುದೋ ಜೀನು ಬರೆದು ಹೋದ ಗುರುತು ಇರಬಹುದು. ಗಿರಾಕಿಗಳ ಪ್ರಾಣಿಗಳನ್ನೇ ನೋಡಲು ಹೋಗಿ, ಯಾರೂ ಬೇಡ ಅನ್ನಲ್ಲ. 1934ರಲ್ಲಿ ಡೊರೊಥಿ ಬ್ರೂಕ್ ಕೈರೋದಲ್ಲಿ ಶುರು ಮಾಡಿದ ಪ್ರಾಣಿಗಳ ಆಸ್ಪತ್ರೆಯಿಂದ ಬೆಳೆದ ಬ್ರೂಕ್ ಸಂಸ್ಥೆ, 1969ರಲ್ಲಿ ಎಲಿಸಬೆತ್ ಸ್ವೆಂಡ್ಸನ್ ಇಂಗ್ಲೆಂಡಿನಲ್ಲಿ ಶುರು ಮಾಡಿದ ಡಾಂಕಿ ಸ್ಯಾಂಕ್ಚುರಿ (ಕತ್ತೆಗಳ ಆಶ್ರಯಧಾಮ), ಎರಡೂ ದುಡಿಯುವ ಪ್ರಾಣಿಗಳ ಜೀನು-ಪಟ್ಟಿಯಿಂದಾಗುವ ಗಾಯಗಳ ಬಗ್ಗೆ ಬಹಳ ಕೆಲಸ ಮಾಡಿವೆ. ಅವರ ಚಿತ್ರಗಳನ್ನು ನೋಡಿದರೆ ಕಣ್ಣು ಬೇಗ ಪಳಗುತ್ತೆ.

ಜೊತೆಗೆ ರಿಪೇರಿ ಕೆಲಸವನ್ನು ನೀವೇ ಕೈಗೆ ತಗೊಳ್ಳಿ. ರಿಪೇರಿಗೆ ಬಂದ ಹೊಟ್ಟೆಪಟ್ಟಿಯನ್ನು ಬಿಚ್ಚುವ ಮೊದಲು ಸುಮ್ನೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಒಂದೇ ತೂತು ಉದ್ದಕ್ಕೆ ಎಳೆದುಕೊಂಡಿದೆಯಾ? ಹಾಗಿದ್ದರೆ ಅವರು ಯಾವಾಗಲೂ ಅದೇ ತೂತಿಗೆ ಬಿಗಿಯುತ್ತಾರೆ, ಅಂದರೆ ಪಟ್ಟಿಯ ಉದ್ದವೇ ಸರಿಯಿಲ್ಲದಿರಬಹುದು. ಎಡಗಡೆ ಮಾತ್ರ ಸವೆದಿದ್ದರೆ ಹೇರು ಒಂದು ಕಡೆ ವಾಲುತ್ತಿರಬಹುದು. ರಿಂಗ್ ಕೂರುವ ಮಡಿಕೆಯಲ್ಲಿ ತೊಗಲು ಕಪ್ಪಾಗಿ ಬಿರುಕು ಬಿಟ್ಟಿದ್ದರೆ ಅದು ಕಬ್ಬಿಣದ ರಿಂಗಿನ ತುಕ್ಕು, ತೊಗಟೆಯ ರಸದಲ್ಲಿ ಹದ ಮಾಡಿದ ತೊಗಲಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತೆ. ಇಷ್ಟನ್ನೂ ಗಿರಾಕಿ ಬಾಯಿಬಿಟ್ಟು ಹೇಳಲ್ಲ, ಪಟ್ಟಿ ಹೇಳುತ್ತೆ.

ಈಗ ಬೆಲೆಯ ಮಾತು. ಕನಿಷ್ಠ ಮೂರು ವರ್ಷದ ಲೆಕ್ಕ ಕೇಳಿ. ಹೊಸ ಮಾಲು, ರಿಪೇರಿ, ಬೇರೆಯವರಿಂದ ತಂದು ಮಾರಿದ್ದು, ಮೂರನ್ನೂ ಬೇರೆ ಬೇರೆ ಮಾಡಿ ನೋಡಿ. ಆಮೇಲೆ ಉಳಿದ ಲಾಭದಿಂದ ಯಜಮಾನರ ಕೆಲಸಕ್ಕೆ ಒಂದು ಸಂಬಳ ಕಳೆಯಿರಿ. ಇದನ್ನು ಬಹಳ ಜನ ಮರೆಯುತ್ತಾರೆ. ಅವರು ಬೆಳಗ್ಗೆಯಿಂದ ರಾತ್ರಿವರೆಗೆ ಸಂಬಳವಿಲ್ಲದೆ ದುಡಿದಿದ್ದಕ್ಕೇ ಲಾಭ ಕಾಣುತ್ತಿರುತ್ತೆ. ಅವರ ಜಾಗದಲ್ಲಿ ಒಬ್ಬ ಕೆಲಸಗಾರನನ್ನು ಇಟ್ಟುಕೊಂಡರೆ ಎಷ್ಟು ಕೊಡಬೇಕೋ ಅಷ್ಟು ಕಳೆದ ಮೇಲೂ ಏನಾದರೂ ಉಳಿದರೆ ಅದು ವ್ಯಾಪಾರದ ಲಾಭ. ಉಳಿಯದಿದ್ದರೆ ನೀವು ಕೊಳ್ಳುತ್ತಿರುವುದು ನಿಮಗೇ ಒಂದು ಕೆಲಸ. ಅದೂ ತಪ್ಪಲ್ಲ, ಆದರೆ ಅದಕ್ಕೆ ತಕ್ಕ ಬೆಲೆ ಮಾತ್ರ ಕೊಡಿ.

ಅರ್ಧಕ್ಕಿಂತ ಜಾಸ್ತಿ ಮಾಲು ಒಬ್ಬರೇ ಇಬ್ಬರೇ ಗಿರಾಕಿಗಳಿಗೆ ಹೋಗುತ್ತಿದ್ದರೆ ಅವರನ್ನು ಮೊದಲೇ ಭೇಟಿ ಮಾಡಿ. ಅವರು ಯಜಮಾನರ ಮುಖ ನೋಡಿ ಬರುತ್ತಿದ್ದಾರಾ, ಮಾಲು ನೋಡಿ ಬರುತ್ತಿದ್ದಾರಾ ಅಂತ ತಿಳಿಯಬೇಕು. ಮುಂಗಡ ತಗೊಂಡು ಇನ್ನೂ ಮಾಡಿಕೊಡದ ಆರ್ಡರ್‌ಗಳ ಪಟ್ಟಿ ಬರೆಸಿಕೊಳ್ಳಿ, ಆ ದುಡ್ಡು ಅವರು ಖರ್ಚು ಮಾಡಿಯಾಗಿದ್ದರೆ ಕೆಲಸ ಮಾತ್ರ ನಿಮ್ಮ ತಲೆ ಮೇಲೆ ಬರುತ್ತೆ, ಹಾಗಾಗಿ ಬೆಲೆಯಲ್ಲಿ ಮುರಿದುಕೊಳ್ಳಬೇಕು. ಸರಕನ್ನು ಪುಸ್ತಕದ ಬೆಲೆಗೆ ಒಪ್ಪಬೇಡಿ. ಕಪಾಟಿನ ತಳದ ತೊಗಲನ್ನು ಎಳೆದು, ನುಣುಪು ಮುಖ ಹೊರಗೆ ಬರುವ ಹಾಗೆ ಬಗ್ಗಿಸಿ. ಬಿರುಕು ಬಿಟ್ಟರೆ, ಕೈಗೆ ಕೆಂಪು ಪುಡಿ ಹತ್ತಿದರೆ, ಅದು ಸರಕಲ್ಲ. ಮಿಷಿನ್ನಿನ ಮೇಲೆ ನೀವು ದಿನಾ ಕೂರುವವರು, ಅದರ ಗುಣ ನಿಮಗೇ ಗೊತ್ತು, ಬಿಡಿಭಾಗ ಇನ್ನೂ ಸಿಗುತ್ತಾ ಅಂತ ಮಾತ್ರ ವಿಚಾರಿಸಿ.

ದುಡ್ಡನ್ನು ಒಂದೇ ಸಲಕ್ಕೆ ಕೊಡಬೇಡಿ. ಒಂದು ಭಾಗ ಈಗ, ಉಳಿದದ್ದು ಯಜಮಾನರು ಒಂದು ಸೀಸನ್ ಜೊತೆಗಿದ್ದು ಕಲಿಸಿಕೊಟ್ಟ ಮೇಲೆ ಕಂತಿನಲ್ಲಿ. ಹೆಸರು ಬಳಸುವ ಹಕ್ಕು, ಅಚ್ಚುಗಳು ಯಾರ ಪಾಲಿಗೆ, ಹಳೇ ಮಾಲಿಗೆ ದೂರು ಬಂದರೆ ಯಾರ ಹೊಣೆ, ಕಟ್ಟಡದ ಬಾಡಿಗೆ ಕರಾರು ನಿಮ್ಮ ಹೆಸರಿಗೆ ಬರುತ್ತಾ, ಎಲ್ಲಾ ಬರವಣಿಗೆಯಲ್ಲಿರಲಿ, ಮಕ್ಕಳೂ ಸಹಿ ಹಾಕಲಿ. ಯಜಮಾನರ ಮೇಲೆ ನಿಮಗೆ ಗೌರವ ಇದೆ ಅಂತ ಪತ್ರದಲ್ಲೇ ಗೊತ್ತಾಗುತ್ತೆ. ಕಾಗದ ಮಾಡಿಸುವುದರಿಂದ ಆ ಗೌರವಕ್ಕೆ ಏನೂ ಕಡಿಮೆಯಾಗಲ್ಲ. ನಾಳೆ ಮನೆಯವರ ನಡುವೆ ಮಾತು ಬರದ ಹಾಗೆ ಅವರನ್ನೂ ಅದು ಕಾಪಾಡುತ್ತೆ.

ಪ್ರಶ್ನೆ: ಗಿರಾಕಿಗಳು ತೊಗಲು ಬೇಡ, ನೈಲಾನ್ ಪಟ್ಟಿಯಲ್ಲೇ ಎಲ್ಲಾ ಮಾಡಿಕೊಡಿ ಅನ್ನುತ್ತಾರೆ. ಅಗ್ಗ, ತೊಳೆಯಬಹುದು, ಕೊಳೆಯಲ್ಲ. ಪೂರ್ತಿ ಅದಕ್ಕೇ ಬದಲಾಗಲಾ?

ಉತ್ತರ: ಪೂರ್ತಿ ಬೇಡ. ಚೀಲದ ನೇತುಪಟ್ಟಿ, ಹೇರು ಬಿಗಿಯುವ ಪಟ್ಟಿ, ಇವಕ್ಕೆ ನೈಲಾನ್ ಅಥವಾ ಪಾಲಿಯೆಸ್ಟರ್ ಒಳ್ಳೆಯದೇ. ನೈಲಾನ್ ಒದ್ದೆಯಾದರೆ ಸ್ವಲ್ಪ ಹಿಗ್ಗುತ್ತೆ, ಆದ್ದರಿಂದ ಮಳೆಯಲ್ಲಿ ಬಿಗಿ ಸಡಿಲವಾಗಬಾರದ ಕಡೆ ಪಾಲಿಯೆಸ್ಟರ್ ಹಾಕಿ. ಎರಡೂ ಬಿಸಿಲಿಗೆ ವರ್ಷಗಟ್ಟಲೆ ಬಿದ್ದರೆ ಬಲ ಕಳೆದುಕೊಳ್ಳುತ್ತವೆ, ಬಣ್ಣ ಮಾಸಿ ಮೇಲೆ ನವಿರು ಎದ್ದ ಪಟ್ಟಿಯನ್ನು ಬದಲಾಯಿಸಲು ಗಿರಾಕಿಗೆ ಮೊದಲೇ ಹೇಳಿಡಿ.

ಮೈಗೆ ತಾಗುವ ಕಡೆ ಬರೀ ನೈಲಾನ್ ಹಾಕಬೇಡಿ. ಅದರ ಅಂಚು ಗಡಸು, ಬೆವರು ಹೀರಲ್ಲ, ಉಜ್ಜಿದರೆ ಚರ್ಮ ಕೆತ್ತಿಬಿಡುತ್ತೆ. ಹೊಟ್ಟೆಪಟ್ಟಿಗೆ ಹತ್ತಿ ಅಥವಾ ಉಣ್ಣೆಯ ಹುರಿಗಳನ್ನು ಸಾಲಾಗಿ ಜೋಡಿಸಿದ್ದು ಒಳ್ಳೆಯದು, ಜೀನಿನ ಕೆಳಗಿನ ತಡಿಗೆ ಉಣ್ಣೆಯ ಫೆಲ್ಟ್. ಅಗ್ಗದ ಸ್ಪಂಜು ಮೊದಲ ವಾರ ಮೆತ್ತಗೆ ಇರುತ್ತೆ, ಭಾರ ಬಿದ್ದೂ ಬಿದ್ದೂ ಚಪ್ಪಟೆಯಾಗುತ್ತೆ.

ಇನ್ನೊಂದು ಅಪಾಯ. ನೈಲಾನ್ ಸುಲಭಕ್ಕೆ ಹರಿಯಲ್ಲ. ಇದನ್ನೇ ಗುಣ ಅಂತ ಮಾರುತ್ತಾರೆ, ಆದರೆ ಪ್ರಾಣಿ ಕಂದಕಕ್ಕೆ ಜಾರಿದಾಗ, ಮರಕ್ಕೆ ಸಿಕ್ಕಿಕೊಂಡಾಗ ಎಲ್ಲೋ ಒಂದು ಕಡೆ ಹರಿಯಲೇಬೇಕು. ಒಂದರ ಹಿಂದೆ ಒಂದು ಕಟ್ಟಿ ನಡೆಸುವ ಸಾಲಿನಲ್ಲಿ, ಮುಂದಿನ ಪ್ರಾಣಿಯ ಜೀನಿಗೂ ಹಿಂದಿನದರ ಹಗ್ಗಕ್ಕೂ ನಡುವೆ ಬೇಗ ಹರಿಯುವ ತೆಳು ನಾರಿನ ಕುಣಿಕೆ ಹಾಕುವುದು ಇದಕ್ಕೇ. ಒಂದು ಬಿದ್ದರೆ ಉಳಿದವನ್ನೂ ಎಳೆದುಕೊಂಡು ಹೋಗಬಾರದು. ಆ ಕುಣಿಕೆಯ ಜಾಗದಲ್ಲಿ ಯಾರಾದರೂ ನೈಲಾನ್ ಕೇಳಿದರೆ ಮಾಡಿಕೊಡಬೇಡಿ.

ಪ್ರಶ್ನೆ: ಜೀನಿನ ಮೇಲೆ ‘ಇಷ್ಟು ಕಿಲೋ ತಡೆಯುತ್ತೆ’ ಅಂತ ಬರೆಯಬಹುದಾ?

ಉತ್ತರ: ಜೀನು ಎಷ್ಟು ತಡೆಯುತ್ತೆ ಅನ್ನೋದಕ್ಕಿಂತ ಪ್ರಾಣಿ ಎಷ್ಟು ತಡೆಯುತ್ತೆ ಅನ್ನೋದು ಮುಖ್ಯ, ಅಲ್ವಾ? ಕುದುರೆಗೆ ಸಾಮಾನ್ಯವಾಗಿ ಹೇಳುವ ಮಿತಿ ಅದರ ತೂಕದ 20 ಶೇಕಡ, ಅದರಲ್ಲಿ ಜೀನು, ತಡಿ, ಹಗ್ಗ ಎಲ್ಲಾ ಸೇರಿತು. 300 ಕಿಲೋ ತೂಗುವ ಪ್ರಾಣಿ ಅಂದರೆ 60 ಕಿಲೋ. ನಿಮ್ಮ ಜೀನು, ತಡಿ, ಹಗ್ಗವೇ 15 ಕಿಲೋ ಆದರೆ ಹೇರಿಗೆ ಉಳಿದದ್ದು 45. ಏರುದಾರಿ, ಬಿಸಿಲು, ವಯಸ್ಸು ನೋಡಿ ಅದನ್ನೂ ಇಳಿಸಬೇಕು. ಜೀನಿನ ಮೇಲೆ ದೊಡ್ಡ ಅಂಕಿ ಬರೆದರೆ ಯಾರೋ ಒಬ್ಬರು ಅಷ್ಟೂ ಹೇರುತ್ತಾರೆ. ಜೀನಿನ ಸ್ವಂತ ತೂಕವನ್ನು ಬರೆಯಿರಿ. ಎರಡೂ ಬದಿಯ ಚೀಲವನ್ನು ತಕ್ಕಡಿಯಲ್ಲಿ ತೂಗಿಯೇ ಹೇರಬೇಕು ಅಂತಲೂ ಬರೆಯಿರಿ.

ಪ್ರಶ್ನೆ: ಹೇಸರಗತ್ತೆಗೆ ಮಾಡಿದ ಜೀನನ್ನೇ ಸಣ್ಣದು ಮಾಡಿ ಕತ್ತೆಗೆ ಕೊಟ್ಟೆವು. ಇಳಿಜಾರಿನಲ್ಲಿ ಕುತ್ತಿಗೆ ಮೇಲೆ ಬರುತ್ತಂತೆ. ಹೊಟ್ಟೆಪಟ್ಟಿ ಎಷ್ಟು ಬಿಗಿದರೂ ಅಷ್ಟೇ.

ಉತ್ತರ: ಬಿಗಿಯುವುದನ್ನು ಇವತ್ತೇ ನಿಲ್ಲಿಸಲು ಹೇಳಿ. ಕತ್ತೆಗೆ ಭುಜದ ಮೇಲಿನ ಉಬ್ಬು ತೀರಾ ಕಡಿಮೆ, ಬೆನ್ನು ನೇರ, ಹೊಟ್ಟೆ ದುಂಡಗೆ. ಜೀನನ್ನು ತಡೆದು ನಿಲ್ಲಿಸಲು ಮುಂದೆ ಏನೂ ಇಲ್ಲ. ಬಿಗಿದಷ್ಟೂ ಮುಂಗಾಲಿನ ಸಂದಿಯಲ್ಲಿ ಚರ್ಮ ಸುಲಿಯುತ್ತೆ, ಜೀನು ಮಾತ್ರ ಜಾರುತ್ತಲೇ ಇರುತ್ತೆ.

ಬರೀ ಅಳತೆ ಸಣ್ಣದು ಮಾಡಿದರೆ ಸಾಲದು, ಹಲಗೆಗಳ ಕೋನ ಬದಲಾಗಬೇಕು. ನಿಮ್ಮದು ಮರದ ತುಂಡುಗಳನ್ನು ಅಡ್ಡಡ್ಡ ಜೋಡಿಸಿದ ಸಾಬಕ್ ನಮೂನೆಯಾದರೆ ಹಲಗೆಯ ಒಳಮೈಯನ್ನು ಅರದಿಂದ ಉಜ್ಜಿ ಆ ಬೆನ್ನಿಗೆ ಕೂರಿಸಬೇಕು. ಕಬ್ಬಿಣದ ಕಮಾನಿರುವ ಡೆಕರ್ ನಮೂನೆಯಾದರೆ ಕಮಾನು ಬಗ್ಗಿಸಿ ಅಗಲ ಮಾಡಬಹುದು. ಮೊದಲು ಬಗ್ಗಿಸಿದ ಹಾಗೆ ನಿಲ್ಲುವ ಸೀಸದ ಪಟ್ಟಿ ಅಥವಾ ತಂತಿಯನ್ನು ಬೆನ್ನಿನ ಮೇಲೆ ಅಡ್ಡಕ್ಕೆ ಒತ್ತಿ, ಆಕಾರ ಕೆಡದ ಹಾಗೆ ರಟ್ಟಿನ ಮೇಲಿಟ್ಟು ಗೆರೆ ಎಳೆದುಕೊಳ್ಳಿ. ಭುಜದ ಹಿಂದೆ, ನಡುಬೆನ್ನಲ್ಲಿ, ಕೊನೇ ಪಕ್ಕೆಲುಬಿನ ಹತ್ತಿರ, ಮೂರು ಕಡೆ ತೆಗೆದರೆ ಸಾಕು.

ಮುಂದಕ್ಕೆ ಜಾರದ ಹಾಗೆ ಹಿಡಿಯಬೇಕಾದ್ದು ತೊಡೆಯ ಹಿಂದಿನಿಂದ ಸುತ್ತಿ ಬರುವ ಪಟ್ಟಿ. ಅದು ಅಗಲವಾಗಿರಲಿ, ಮೇಲಿನಿಂದ ನೇತುಪಟ್ಟಿ ಕೊಟ್ಟು ಸರಿಯಾದ ಎತ್ತರದಲ್ಲಿ ನಿಲ್ಲಿಸಿ. ಸಮತಟ್ಟಿನಲ್ಲಿ ನಿಂತಾಗ ಪಟ್ಟಿಗೂ ತೊಡೆಗೂ ನಡುವೆ ಅಂಗೈ ಆರಾಮಾಗಿ ಹೋಗಬೇಕು. ಬಿಗಿಯಾದರೆ ಹೆಜ್ಜೆ ಹೆಜ್ಜೆಗೂ ಉಜ್ಜುತ್ತೆ, ತೀರಾ ಸಡಿಲವಾದರೆ ಇಳಿಜಾರಿನಲ್ಲಿ ಜೀನು ಜಾರಿದ ಮೇಲೆ ಹಿಡಿಯುತ್ತೆ. ಬಾಲದ ಬುಡಕ್ಕೆ ಹಾಕುವ ಪಟ್ಟಿಯನ್ನು ಕೇಳಿದರೆ ಕೊಡಿ, ಆದರೆ ಬಾಲದ ಕೆಳಗಿನ ಚರ್ಮ ಬಹಳ ನಾಜೂಕು. ಅಲ್ಲಿಗೆ ಬರುವ ಭಾಗವನ್ನು ಬೆರಳಿಗಿಂತ ದಪ್ಪ ಸುರುಳಿ ಮಾಡಿ, ಮೆತ್ತನೆಯ ತೊಗಲಿನಲ್ಲಿ ಹೊಲಿಯಿರಿ, ಹೊಲಿಗೆಯ ಗೀಟು ಚರ್ಮದ ಕಡೆ ಬರದ ಹಾಗೆ ನೋಡಿಕೊಳ್ಳಿ.